ಎಲ್‌ಸಿ ಸಿಗುವ ತನಕ ಕಂಬ ಹತ್ತುವಂತಿಲ್ಲ

ಆಷಾಢದ ಗಾಳಿ ಎದ್ದ ರಾತ್ರಿ ಮಲೆನಾಡಿನಲ್ಲಿ ಕರೆಂಟ್ ಹೋಗುವುದಕ್ಕೂ ಒಂದು ಕ್ರಮವಿದೆ. ಒಮ್ಮೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಬರುತ್ತದೆ, ಮತ್ತೆ ಹೋಗುತ್ತದೆ, ಆಮೇಲೆ ಪತ್ತೆಯೇ ಇಲ್ಲ. ಮನೆಯಲ್ಲಿ ಕೂತವರಿಗೆ ಯಾರೋ ಬೇಕೆಂದೇ ಆಡಿಸುತ್ತಿದ್ದಾರೆ ಅನ್ನಿಸುತ್ತದೆ. ನಡೆದಿರುವುದು ಇಷ್ಟು: 11 ಕೆವಿ ತಂತಿಗೆ ಎಲ್ಲೋ ಕೊಂಬೆ ತಾಗಿದೆ, ಸಬ್‌ಸ್ಟೇಷನ್ನಿನ ರಿಲೇ ಅದನ್ನು ಗುರುತಿಸಿ ಬ್ರೇಕರ್ ಟ್ರಿಪ್ ಮಾಡಿದೆ. ಕೊಂಬೆ ತಾಗಿ ಸರಿದಿದ್ದರೂ ಸರಿದಿರಬಹುದು ಎಂದು ಆಪರೇಟರ್ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ. ಲೈನ್ ಟ್ರಿಪ್ ಆಗದೆ ನಿಂತರೆ ಎಲ್ಲರೂ ಬಚಾವ್. ನಿಲ್ಲದಿದ್ದರೆ ಲೈನ್‌ಮನ್ ಟಾರ್ಚ್ ಹಿಡಿದು ಹೊರಡಬೇಕು.

ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. 40 ಕಿ.ಮೀ. ಗಾಳಿಗೆ ತಲೆದೂಗುವ ಮರ 80 ಕಿ.ಮೀ.ಗೆ ಬುಡಸಮೇತ ಬೀಳುವುದು ಅದಕ್ಕೇ. 2019ರ ಮೇ 3ರಂದು ಒಡಿಶಾದ ಪುರಿ ಬಳಿ ದಡ ಸೇರಿದ ಫನಿ ಚಂಡಮಾರುತ ಲಕ್ಷಕ್ಕೂ ಮಿಕ್ಕಿ ವಿದ್ಯುತ್ ಕಂಬಗಳನ್ನು ಕೆಡವಿತ್ತು. ನಮ್ಮ ಘಟ್ಟದ ಸೀಮೆಯಲ್ಲಿ ಗಾಳಿಯೊಂದೇ ಕಂಬ ಮುರಿಯುವುದು ಕಡಿಮೆ, ಮರದ ಕೈಯಲ್ಲಿ ಮುರಿಸುತ್ತದೆ. ವಾರಗಟ್ಟಲೆ ಸುರಿದ ಮಳೆಗೆ ಮಣ್ಣು ಸಡಿಲವಾಗಿರುತ್ತದೆ. ಕಾಫಿ ತೋಟದ ಸಿಲ್ವರ್ ಓಕ್, ರಸ್ತೆಬದಿಯ ಅಕೇಶಿಯಾ ತಂತಿಯ ಮೇಲೇ ಒರಗುತ್ತವೆ. 9 ಮೀಟರ್ ಸಿಮೆಂಟ್ ಕಂಬ ನೆಲದೊಳಗೆ ಇರುವುದು ಒಂದೂವರೆ ಮೀಟರ್ ಮಾತ್ರ. ಅದನ್ನು ನೆಟ್ಟಗೆ ನಿಲ್ಲಿಸುವುದರಲ್ಲಿ ಎರಡೂ ಕಡೆಯ ತಂತಿಗಳ ಸಮ ಎಳೆತದ ಪಾಲೂ ಇದೆ. ಒಂದು ಕಂಬ ಮುರಿದರೆ ಆ ಸಮತೋಲ ತಪ್ಪಿ ಪಕ್ಕದ್ದು ವಾಲುತ್ತದೆ, ಅದರಾಚೆಯದೂ ವಾಲುತ್ತದೆ. ಒಂದೇ ಮರಕ್ಕೆ ಐದಾರು ಕಂಬ ಮಲಗಿದ್ದು ನೋಡಿದರೆ ಮಲೆನಾಡಿನವರು ಯಾರೂ ಬೆರಗಾಗುವುದಿಲ್ಲ.

ತೊಂದರೆ ಎಲ್ಲಿದೆ ಎಂದು ಹುಡುಕುವುದೇ ಅರ್ಧ ಕೆಲಸ. ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಟ ಲೈನ್, ಹತ್ತಾರು ಕಿಲೋಮೀಟರ್ ಕಾಡು, ಗದ್ದೆ, ತೋಟ ದಾಟಿ ಹೋಗಿರುತ್ತದೆ. ನಡುವೆ ಅಲ್ಲಲ್ಲಿ ಜಿಒಎಸ್ ಎಂಬ ಸ್ವಿಚ್‌ಗಳಿರುತ್ತವೆ, ಕೆಳಗೆ ನಿಂತು ಹಿಡಿಕೆ ಎಳೆದರೆ ಮೂರೂ ತಂತಿ ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಮಧ್ಯದ ಜಿಒಎಸ್ ಓಪನ್ ಮಾಡಿ ಮೊದಲ ಭಾಗವನ್ನು ಚಾರ್ಜ್ ಮಾಡಿಸುತ್ತಾರೆ. ನಿಂತರೆ ದೋಷ ಮುಂದಿದೆ, ಟ್ರಿಪ್ ಆದರೆ ಹಿಂದಿದೆ. ಹೀಗೆ ಜಾಗವನ್ನು ಕಿರಿದು ಮಾಡುತ್ತಾ ಹೋಗಿ, ಕೊನೆಯ ತುಂಡನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಪಕ್ಕದೂರಿಗೆ ಕರೆಂಟ್ ಬಂದು ನಮ್ಮೂರಿಗೆ ಬಾರದಿದ್ದರೆ ಅದರಲ್ಲಿ ಪಕ್ಷಪಾತವೇನಿಲ್ಲ, ನಾವು ಜಿಒಎಸ್‌ನ ಆಚೆ ಇದ್ದೇವೆ ಅಷ್ಟೇ.

ಜಾಗ ಸಿಕ್ಕಿತು ಅಂದುಕೊಳ್ಳಿ. ತಕ್ಷಣ ಕಂಬ ಹತ್ತುವಂತಿಲ್ಲ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್, ಅಂದರೆ ಎಲ್‌ಸಿ, ಕೇಳಬೇಕು. ಆಪರೇಟರ್ ಬ್ರೇಕರ್ ಆಫ್ ಮಾಡಿ, ಐಸೊಲೇಟರ್ ಬಿಡಿಸಿ, ಅರ್ಥ್ ಮಾಡಿ, ಯಾರಿಗೆ ಎಷ್ಟು ಗಂಟೆಗೆ ಎಲ್‌ಸಿ ಕೊಟ್ಟೆ ಎಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಎಲ್‌ಸಿ ತೆಗೆದುಕೊಂಡವರೇ ಅದನ್ನು ವಾಪಸ್ ಮಾಡಬೇಕು. ಒಂದೇ ಫೀಡರಿನಲ್ಲಿ ಮೂರು ಗ್ಯಾಂಗ್ ಇದ್ದರೆ ಮೂರೂ ಎಲ್‌ಸಿ ಮರಳುವ ತನಕ ಲೈನಿಗೆ ಜೀವ ಕೊಡುವ ಹಾಗಿಲ್ಲ. ಮಳೆಯಲ್ಲಿ ನೆಟ್‌ವರ್ಕ್ ಸಿಗದ ಕಣಿವೆಯಿಂದ ಈ ಮಾತುಕತೆ ನಡೆಯಬೇಕು ಎಂಬುದನ್ನು ನೆನಪಿಡಿ. ಒಂದು ಊರಿನ ಹೆಸರು ತಪ್ಪಾಗಿ ಕೇಳಿಸಿದರೂ ಬೇರೆ ಫೀಡರ್ ಆಫ್ ಆಗಿಬಿಡಬಹುದು.

ಅದಕ್ಕೇ ಎಲ್‌ಸಿ ಸಿಕ್ಕ ಮೇಲೂ ನಂಬಿಕೆ ಇಲ್ಲ. ಮೊದಲು ತಂತಿಯಲ್ಲಿ ಕರೆಂಟ್ ಇದೆಯೇ ಎಂದು ಡಿಟೆಕ್ಟರಿನಿಂದ ಪರೀಕ್ಷೆ. ಆಮೇಲೆ ಡಿಸ್ಚಾರ್ಜ್ ರಾಡ್: ಅದರ ಒಂದು ತುದಿಯನ್ನು ಮೊದಲು ನೆಲಕ್ಕೆ ಜೋಡಿಸಿ, ನಂತರವೇ ಕೊಕ್ಕೆಗಳನ್ನು ಒಂದೊಂದಾಗಿ ಮೂರೂ ತಂತಿಗೆ ಸಿಕ್ಕಿಸುತ್ತಾರೆ. ಬಿಚ್ಚುವಾಗ ಇದರ ತದ್ವಿರುದ್ಧ, ನೆಲದ ತುದಿ ಕೊನೆಗೆ. ಕೆಲಸದ ಜಾಗದ ಎರಡೂ ಬದಿಗೆ ಹೀಗೆ ಅರ್ಥ್ ಮಾಡಿದರೆ ಅಕಸ್ಮಾತ್ ಯಾರಾದರೂ ಚಾರ್ಜ್ ಮಾಡಿದರೂ ಕರೆಂಟ್ ನೆಲಕ್ಕಿಳಿಯುತ್ತದೆ, ಬ್ರೇಕರ್ ಕೂಡಲೇ ಟ್ರಿಪ್ ಆಗುತ್ತದೆ. ಅವಸರದಲ್ಲಿ ಜನ ಬಿಡುವ ಹಂತವೂ ಇದೇ. ಊರವರು ಸುತ್ತ ನಿಂತು “ಬೇಗ ಮಾಡ್ರೀ” ಅನ್ನುವಾಗ ಈ ಹತ್ತು ನಿಮಿಷ ದಂಡ ಅನ್ನಿಸುತ್ತದೆ.

ಆಫ್ ಆದ ಲೈನಿಗೆ ಕರೆಂಟ್ ಎಲ್ಲಿಂದ ಬರಬೇಕು ಎಂದು ಕೇಳಬಹುದು. ನಮ್ಮ ಮನೆಗಳಿಂದಲೇ ಬರುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ನೇರ ಮನೆಯ ವೈರಿಂಗಿಗೆ ಕೊಟ್ಟರೆ ಅದು ಸರ್ವಿಸ್ ವೈರ್ ಹಿಡಿದು ಟಿಸಿಗೆ ಹೋಗುತ್ತದೆ. ಟಿಸಿ 11,000 ವೋಲ್ಟನ್ನು 433ಕ್ಕೆ ಇಳಿಸುವ ಯಂತ್ರ. ಹಿಂದಿನಿಂದ ಕೊಟ್ಟರೆ ಅದೇ ಸುಮಾರು 25 ಪಟ್ಟು ಏರಿಸುತ್ತದೆ. ದೂರದಲ್ಲೆಲ್ಲೋ ಬಡಿದ ಸಿಡಿಲೂ ತಂತಿ ಹಿಡಿದು ಬರುತ್ತದೆ, ಹಾಗಾಗಿ ಗುಡುಗಿರುವಾಗ ಕಂಬದ ಮೇಲೆ ಯಾರೂ ಇರಬಾರದು.

ಮರ ಕಡಿಯುವುದು ಸುಲಭ ಅನ್ನುವವರು ತಂತಿಯ ಮೇಲೆ ಒರಗಿದ ಮರ ನೋಡಬೇಕು. ತಂತಿ ಅದರ ಭಾರಕ್ಕೆ ಬಿಲ್ಲಿನ ಹಗ್ಗದಂತೆ ಬಿಗಿದಿರುತ್ತದೆ. ಕೊಂಬೆ ತುಂಡಾದ ಕ್ಷಣ ತಂತಿ ಮೇಲಕ್ಕೆ ಚಿಮ್ಮುತ್ತದೆ, ಮರದ ಬುಡ ಹಿಂದಕ್ಕೆ ಒದೆಯುತ್ತದೆ, ಆಗಲೇ ಬಿರುಕು ಬಿಟ್ಟ ಕಂಬ ಮೇಲಿದ್ದವನ ಸಮೇತ ವಾಲುತ್ತದೆ. ಇಲ್ಲಿ ಕರೆಂಟಿನ ಪಾತ್ರವೇ ಇಲ್ಲ.

ಇನ್ನು ನೆಲಕ್ಕೆ ಬಿದ್ದ ತಂತಿ. ಬಿದ್ದರೆ ಟ್ರಿಪ್ ಆಗಿರುತ್ತದೆ ಎಂಬ ಭರವಸೆ ಬೇಡ. ಬಂಡೆ, ಒಣನೆಲ, ಡಾಂಬರಿನ ಮೇಲೆ ಬಿದ್ದ ತಂತಿಯಿಂದ ಹರಿಯುವ ಕರೆಂಟ್ ರಿಲೇಯ ಗಮನಕ್ಕೆ ಬಾರದಷ್ಟು ಕಡಿಮೆ ಇರಬಹುದು, ಮನುಷ್ಯನಿಗೆ ಅಷ್ಟೇ ಸಾಕು. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತರು. ಅಂದು ಬಿರುಗಾಳಿಯೂ ಇರಲಿಲ್ಲ. ತಂತಿ ಮುಟ್ಟದಿದ್ದರೂ ಅಪಾಯ ತಪ್ಪಿದ್ದಲ್ಲ: ಬಿದ್ದ ಜಾಗದಿಂದ ದೂರ ಹೋದಂತೆ ನೆಲದ ವೋಲ್ಟೇಜ್ ಇಳಿಯುತ್ತಾ ಹೋಗುವುದರಿಂದ ಎರಡು ಪಾದಗಳ ನಡುವೆ ವ್ಯತ್ಯಾಸ ಉಂಟಾಗಿ ಮೈಯಲ್ಲಿ ಕರೆಂಟ್ ಹರಿಯುತ್ತದೆ. ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಿರುವ ದನಗಳು ಮೊದಲು ಬೀಳುವುದು ಇದರಿಂದಲೇ. ಹತ್ತಿರ ಸಿಕ್ಕಿಕೊಂಡಿದ್ದರೆ ಓಡಬೇಡಿ, ಪಾದಗಳನ್ನು ಜೋಡಿಸಿ ನೆಲಕ್ಕೆ ಸವರುತ್ತಾ ಚಿಕ್ಕ ಚಿಕ್ಕದಾಗಿ ಸರಿಯಿರಿ.

ಬಿದ್ದ ತಂತಿಯನ್ನು ಕೋಲಿನಿಂದ ಸರಿಸುವ ಧೈರ್ಯ ಮಾಡಬೇಡಿ. ಜನರನ್ನೂ ದನಗಳನ್ನೂ ದೂರ ನಿಲ್ಲಿಸಿ 1912ಕ್ಕೆ ಫೋನ್ ಮಾಡಿ, ಕಂಬದ ಮೇಲೋ ಟಿಸಿಯ ಮೇಲೋ ಬರೆದಿರುವ ನಂಬರ್ ಹೇಳಿ. ಅದರಿಂದ ರಾತ್ರಿಯ ಹುಡುಕಾಟ ಎಷ್ಟೋ ಉಳಿಯುತ್ತದೆ. ಮನೆಯಲ್ಲಿ ಜನರೇಟರ್ ಇದ್ದರೆ, ಚೇಂಜ್‌ಓವರ್ ಸ್ವಿಚ್ ಇದೆಯೇ ಎಂದು ಈ ಮಳೆಗಾಲಕ್ಕೆ ಮುಂಚೆಯೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.