ಪೊಟ್ಯಾಸಿಯಂ ಏರಿದಾಗ: ಔಷಧಿಯ ಜೊತೆ ಗೃಹಿಣಿಯ ಕೈಯೂ ಬೇಕು

ಸಕ್ಕರೆ ಕಾಯಿಲೆ, ಬಿ.ಪಿ. ಇದ್ದೂ ಇದ್ದೂ ಕೊನೆಗೆ ಕಿಡ್ನಿಗೆ ಬಂತು ಎನ್ನುವ ಮನೆಗಳು ನಿಮಗೂ ಗೊತ್ತಿರಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಮ್ಮ ಕಡೆಯ ಯಾವ ಊರಿನ ಮದುವೆಮನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಥ ಮನೆಯ ಹೆಂಗಸರಿಗೆ 'ಕ್ರಿಯಾಟಿನಿನ್' ಎಂಬ ಪದ ಬಾಯಿಪಾಠ. ಅದು ಎಷ್ಟಿತ್ತು, ಎಷ್ಟಾಯಿತು ಎಂದು ಥಟ್ಟನೆ ಹೇಳುತ್ತಾರೆ. ಆದರೆ ಅದೇ ರಕ್ತಪರೀಕ್ಷೆಯ ಚೀಟಿಯಲ್ಲಿ 'ಪೊಟ್ಯಾಸಿಯಂ' ಎಂಬ ಇನ್ನೊಂದು ಸಾಲಿರುತ್ತದೆ. ಅದನ್ನು ನೋಡುವವರು ಕಡಿಮೆ.

ನೋಡಲೇಬೇಕಾದ ಸಾಲು ಅದು. ಕ್ರಿಯಾಟಿನಿನ್ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಏರುತ್ತದೆ. ಪೊಟ್ಯಾಸಿಯಂ ಹಾಗಲ್ಲ, ಒಂದೆರಡು ದಿನದಲ್ಲೇ ಏರಿ ಎದೆಬಡಿತವನ್ನು ಏರುಪೇರು ಮಾಡಬಲ್ಲದು, ಹೃದಯವನ್ನೇ ನಿಲ್ಲಿಸಬಲ್ಲದು. ಅದನ್ನು ಇಳಿಸಲು ಔಷಧಿಯುಂಟು. ಆದರೆ ಆ ಔಷಧಿ ಫಲ ಕೊಡುವುದು ಬಿಡುವುದು ಅರ್ಧಕ್ಕರ್ಧ ಮನೆಯಲ್ಲಿ ಅದನ್ನು ಕಲಸಿ ಕೊಡುವವರ ಕೈಯಲ್ಲಿದೆ. ನಮ್ಮ ಮಾವನವರಿಗೆ ಕಿಡ್ನಿ ತೊಂದರೆ ಶುರುವಾದ ಮೇಲೆ ವೈದ್ಯರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಏನಿದು ಪೊಟ್ಯಾಸಿಯಂ?

ಕಬ್ಬಿನ ಗದ್ದೆಗೆ ಹಾಕುವ 'ಪೊಟ್ಯಾಷ್' ಗೊಬ್ಬರ ನಿಮಗೆ ಗೊತ್ತಲ್ಲ? ಅದರಲ್ಲಿರುವುದೂ ಇದೇ. ಗಿಡ ಅದನ್ನು ಹೀರಿಕೊಳ್ಳುತ್ತದೆ, ಸೊಪ್ಪು, ಕಾಳು, ಹಣ್ಣುಗಳ ಮೂಲಕ ಅದು ನಮ್ಮ ಹೊಟ್ಟೆಗೆ ಬರುತ್ತದೆ. ನರಗಳಿಗೆ, ಸ್ನಾಯುಗಳಿಗೆ, ಹೃದಯಕ್ಕೆ ಅದು ಬೇಕೇ ಬೇಕು. ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತಾಗ ಅದು ರಕ್ತದಲ್ಲೇ ಉಳಿಯುತ್ತದೆ.

ಚೀಟಿಯಲ್ಲಿ 3.5ರಿಂದ 5ರವರೆಗೆ ಇದ್ದರೆ ಸರಿ. 5.5 ದಾಟಿದರೆ ವೈದ್ಯರಿಗೆ ಬೇಗ ತೋರಿಸಬೇಕು. 6ರ ಮೇಲೆ ಹೋದರೆ ನಾಳೆ ನೋಡೋಣ ಎನ್ನುವ ಮಾತೇ ಇಲ್ಲ. 3.5ಕ್ಕಿಂತ ಕೆಳಗೆ ಇಳಿಯುವುದೂ ಹೃದಯಕ್ಕೆ ಒಳ್ಳೆಯದಲ್ಲ. ಆದ್ದರಿಂದ ಔಷಧಿಯನ್ನು ನಮ್ಮಷ್ಟಕ್ಕೆ ನಾವೇ ಹೆಚ್ಚು ಕೊಡುವಂತಿಲ್ಲ.

ಇನ್ನೊಂದು ಮಾತು. ರಕ್ತ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು, ಮುಷ್ಟಿಯನ್ನು ಪದೇ ಪದೇ ಹಿಡಿದು ಬಿಟ್ಟರೆ, ಅಥವಾ ಸೀಸೆಯೊಳಗೆ ರಕ್ತಕಣ ಒಡೆದರೆ, ಪೊಟ್ಯಾಸಿಯಂ ಇಲ್ಲದ ಏರಿಕೆ ತೋರಿಸುವುದುಂಟು. ವೈದ್ಯರು "ಇನ್ನೊಂದು ಸಲ ರಕ್ತ ಕೊಡಿ" ಎಂದರೆ ದುಡ್ಡು ದಂಡ ಎಂದುಕೊಳ್ಳಬೇಡಿ, ಸುಮ್ಮನೆ ಕೊಡಿ.

ಪುಡಿ ಪೊಟ್ಟಣದ ಕೆಲಸ

ಪೊಟ್ಯಾಸಿಯಂ ಇಳಿಸಲು ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವುದು ಕ್ಯಾಲ್ಸಿಯಂ ಪಾಲಿಸ್ಟೈರೀನ್ ಸಲ್ಫೋನೇಟ್ ಅಥವಾ ಸೋಡಿಯಂ ಪಾಲಿಸ್ಟೈರೀನ್ ಸಲ್ಫೋನೇಟ್ ಎಂಬ ಪುಡಿ. ಹೆಸರು ಉದ್ದವಾದರೂ ಕೆಲಸ ಸರಳ. ಪುಡಿ ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲೇ ಇದ್ದು, ತನ್ನಲ್ಲಿರುವ ಕ್ಯಾಲ್ಸಿಯಂ ಅಥವಾ ಸೋಡಿಯಂ ಬಿಟ್ಟುಕೊಟ್ಟು, ಬದಲಿಗೆ ಪೊಟ್ಯಾಸಿಯಂ ಹಿಡಿದುಕೊಂಡು, ಮಲದ ಜೊತೆ ಹೊರಗೆ ಹೋಗುತ್ತದೆ. ಹಳೇ ಪಾತ್ರೆ ಕೊಟ್ಟು ಹೊಸ ಪಾತ್ರೆ ತೆಗೆದುಕೊಂಡ ಹಾಗೆ!

ಸೋಡಿಯಂ ಇರುವ ಪುಡಿ 1958ರಿಂದಲೂ ಅಮೆರಿಕದಲ್ಲಿ ಬಳಕೆಯಲ್ಲಿದೆ. ಅಲ್ಲಿ 2015ರಲ್ಲಿ ಪಾಟಿರೋಮರ್, 2018ರಲ್ಲಿ ಸೋಡಿಯಂ ಜಿರ್ಕೋನಿಯಂ ಸೈಕ್ಲೋಸಿಲಿಕೇಟ್ ಎಂಬ ಹೊಸ ಪುಡಿಗಳಿಗೂ ಒಪ್ಪಿಗೆ ಸಿಕ್ಕಿತು. ನಿಮ್ಮ ರೋಗಿಗೆ ಯಾವುದು ಸರಿ, ನಿಮ್ಮ ಕೈಗೆ ಯಾವುದು ಎಟಕುತ್ತದೆ ಎಂಬುದನ್ನು ವೈದ್ಯರ ಹತ್ತಿರ ಸಂಕೋಚವಿಲ್ಲದೆ ಕೇಳಿ.

ಪುಡಿ ಕೊಡುವಾಗ ಈ ಐದು ಮಾತು ನೆನಪಿರಲಿ:

1. ವೈದ್ಯರು ಹೇಳಿದಷ್ಟು ನೀರಿನಲ್ಲಿ ಕಲಸಿ ಕೂಡಲೇ ಕುಡಿಸಿ. ಬಿಸಿ ಮಾಡಬೇಡಿ. ಕಿತ್ತಳೆ ರಸ, ಎಳನೀರಿನಲ್ಲಿ ಕಲಸಲೇಬೇಡಿ. ಅವುಗಳಲ್ಲೇ ಪೊಟ್ಯಾಸಿಯಂ ಇದೆ, ಮಾಡಿದ ಕೆಲಸ ನೀರಿನಲ್ಲಿ ಹೋಮ.

2. ಈ ಪುಡಿ ಬೇರೆ ಮಾತ್ರೆಗಳನ್ನೂ ಹಿಡಿದುಕೊಳ್ಳಬಲ್ಲದು. ಥೈರಾಯಿಡ್, ಬಿ.ಪಿ., ಹೃದಯದ ಮಾತ್ರೆಗಳಿಗೂ ಪುಡಿಗೂ ನಡುವೆ ಕಡೇಪಕ್ಷ 3 ಗಂಟೆ ಅಂತರವಿರಲಿ. ಬೆಳಿಗ್ಗೆ 7ಕ್ಕೆ ಮಾತ್ರೆಯಾದರೆ 10ರ ಮೇಲೆ ಪುಡಿ. ಎಲ್ಲವನ್ನೂ ಒಟ್ಟಿಗೆ ನುಂಗಿಸಿ "ಅಬ್ಬಾ, ಒಂದು ಕೆಲಸ ಮುಗೀತು" ಎನ್ನುವಂತಿಲ್ಲ.

3. ಮಲಬದ್ಧತೆ ಆಗುತ್ತದೆಯೇ ಗಮನಿಸಿ. ಪೊಟ್ಯಾಸಿಯಂ ಹೊರಗೆ ಹೋಗುವ ದಾರಿಯೇ ಅದು. ದಾರಿ ಕಟ್ಟಿದರೆ ಪುಡಿ ಕುಡಿದೂ ಪ್ರಯೋಜನವಿಲ್ಲ. ಎರಡು ದಿನ ಹೊರಗೆ ಹೋಗದಿದ್ದರೆ ವೈದ್ಯರಿಗೆ ಹೇಳಿ. ಹೊಟ್ಟೆನೋವು, ಹೊಟ್ಟೆಯುಬ್ಬರ, ಮಲದಲ್ಲಿ ರಕ್ತ ಕಂಡರೆ ಪುಡಿ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

4. ಸೋಡಿಯಂ ಇರುವ ಪುಡಿಯಿಂದ ಕೆಲವರಿಗೆ ಕಾಲು ಬಾವು, ಉಬ್ಬಸ ಹೆಚ್ಚಬಹುದು. ಅದನ್ನೂ ತಿಳಿಸಿ.

5. ಪುಡಿ ಕೆಲಸ ಮಾಡಲು ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬೇಕು. ಎದೆ ಹಿಡಿದುಕೊಂಡಾಗ ಕೊಡುವ ಮದ್ದು ಇದಲ್ಲ.

ಬಿ.ಪಿ. ಮಾತ್ರೆಯ ಇಕ್ಕಟ್ಟು

ಇಲ್ಲೊಂದು ವಿಚಿತ್ರವಿದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಇವೆಲ್ಲ ಬಿ.ಪಿ. ಇಳಿಸುವ ಮಾತ್ರೆಗಳು. ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಕಿಡ್ನಿಯನ್ನು ಕಾಪಾಡುವುದಕ್ಕೂ ಇವೇ ಬೇಕು. ಆದರೆ ಇವೇ ಪೊಟ್ಯಾಸಿಯಂ ಏರಿಸುವುದೂ ಉಂಟು. ಸ್ಪೈರೊನೊಲ್ಯಾಕ್ಟೋನ್ ಎಂಬ ಮೂತ್ರದ ಮಾತ್ರೆಯೂ ಹಾಗೆಯೇ.

ಪೊಟ್ಯಾಸಿಯಂ ಜಾಸ್ತಿ ಬಂದರೆ ಈ ಮಾತ್ರೆಯನ್ನೇ ನಿಲ್ಲಿಸುವುದು ಒಂದು ದಾರಿ. ಆದರೆ ಹಾಗೆ ಮಾಡಿದರೆ ಕಿಡ್ನಿಗಿದ್ದ ಆಸರೆ ಹೋಗುತ್ತದೆ. ಪುಡಿ ಕೊಟ್ಟು, ಊಟ ತಿದ್ದಿ, ಬೇಕಾದರೆ ಹೆಚ್ಚು ಮೂತ್ರ ಬರಿಸುವ ಮಾತ್ರೆ ಸೇರಿಸಿ, ಆ ಮಾತ್ರೆಯನ್ನು ಉಳಿಸಿಕೊಳ್ಳಲು ಈಗ ವೈದ್ಯರು ನೋಡುತ್ತಾರೆ. ಆದ್ದರಿಂದ ಪಕ್ಕದ ಮನೆಯವರು ಹೇಳಿದರೆಂದು ಮಾತ್ರೆ ಬಿಡಿಸಬೇಡಿ. ವಾಂತಿಭೇದಿ ಹತ್ತಿ ರೋಗಿ ಬಳಲಿದ್ದರೆ ಮಾತ್ರ ಆ ದಿನವೇ ವೈದ್ಯರಿಗೆ ಫೋನು ಮಾಡಿ, ಮಾತ್ರೆ ಕೊಡಲೋ ಬೇಡವೋ ಎಂದು ಕೇಳಿ.

ಔಷಧಿ ಅಂಗಡಿಯಲ್ಲಿ ಬಾಯಿಮಾತಿಗೆ ಸಿಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಂತೂ ಬೇಡವೇ ಬೇಡ. ಮಂಡಿನೋವಿಗೆಂದು ನುಂಗಿದ ಮಾತ್ರೆ ಕಿಡ್ನಿಯನ್ನೂ ಕೆಡಿಸುತ್ತದೆ, ಪೊಟ್ಯಾಸಿಯಂ ಕೂಡ ಏರಿಸುತ್ತದೆ. 'ಬಿ.ಪಿ.ಗೆ ಒಳ್ಳೆಯದು' ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನೂ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಬೆರೆಸಿರುವುದು ಪೊಟ್ಯಾಸಿಯಂ ಕ್ಲೋರೈಡನ್ನು. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ.

ಕಟ್ಟು ಚೆಲ್ಲಿ, ಪಲ್ಯ ಬಡಿಸಿ

ಇನ್ನು ನಮ್ಮ ರಾಜ್ಯಕ್ಕೆ, ಅಂದರೆ ಅಡುಗೆಮನೆಗೆ ಬರೋಣ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ತರಕಾರಿ, ಸೊಪ್ಪು, ಕಾಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿದರೆ ಅದರ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರನ್ನು ನಾವು ಏನು ಮಾಡುತ್ತೇವೆ? ಬಸ್ಸಾರು ಮಾಡುತ್ತೇವೆ! ಉಪ್ಸಾರಿಗೂ ಅದೇ ಕಟ್ಟು. ನಮ್ಮ ಮಂಡ್ಯ ಸೀಮೆಯ ಅಡುಗೆಯ ರುಚಿಯೆಲ್ಲ ಬಸಿದ ನೀರಿನಲ್ಲೇ ಇದೆ. ಕಿಡ್ನಿ ರೋಗಿಗೆ ತೊಂದರೆಯೂ ಅದರಲ್ಲೇ ಇದೆ.

ಮನೆಮಂದಿಗೆಲ್ಲ ಬಸ್ಸಾರು ಬಿಡಿಸಬೇಕಾಗಿಲ್ಲ. ಬಸಿದ ಕಾಳು, ಸೊಪ್ಪಿನ ಪಲ್ಯವನ್ನು ರೋಗಿಗೆ ಮಿತವಾಗಿ ಬಡಿಸಿ, ಸಾರನ್ನು ಉಳಿದವರಿಗೆ ಹಾಕಿ. ರೋಗಿಯ ತರಕಾರಿಯನ್ನು ಸಣ್ಣಗೆ ಹೆಚ್ಚಿ ಎರಡು ಗಂಟೆ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರು ಧಾರಾಳವಾಗಿ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ ಬಸಿಯಿರಿ. ಕುಕ್ಕರಿನಲ್ಲಿ ಒಂದು ಲೋಟ ನೀರಿಟ್ಟು ಬೇಯಿಸಿದರೆ ಪೊಟ್ಯಾಸಿಯಂ ಅಲ್ಲೇ ಉಳಿಯುತ್ತದೆ. ಮಸ್ಸೊಪ್ಪಿನಲ್ಲೂ ಹಾಗೆಯೇ, ಕಡೆದದ್ದೆಲ್ಲ ತಟ್ಟೆಗೇ ಬರುತ್ತದೆ.

ಮುದ್ದೆಯ ಮಾತು ಬಂದಾಗ ಮಾವನವರು, "ಏನವ್ವಾ, ಸಾರೂ ಇಲ್ಲ, ಮುದ್ದೇನೂ ಇಲ್ಲ ಅಂದ್ರೆ ಉಣ್ಣೋದೇನು?" ಎಂದು ಕೇಳಿದ್ದರು. ಕೇಳುವ ಮಾತೇ. ಅಕ್ಕಿಗಿಂತ ರಾಗಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಆದರೆ ಸಕ್ಕರೆ ಕಾಯಿಲೆಯೂ ಇದ್ದರೆ ಅನ್ನ ಹೆಚ್ಚಿಸುವುದೂ ಕಷ್ಟ. ಆದ್ದರಿಂದ ಮುದ್ದೆ ಎಷ್ಟು, ಅನ್ನ ಎಷ್ಟು ಎಂದು ಚೀಟಿ ತೋರಿಸಿ ವೈದ್ಯರಿಂದಲೇ ಅಳತೆ ಬರೆಸಿಕೊಳ್ಳಿ. ನಮ್ಮಲ್ಲಿ ಎರಡು ಹೊತ್ತಿನ ದೊಡ್ಡ ಮುದ್ದೆ ಒಂದು ಹೊತ್ತಿನ ಪುಟ್ಟ ಮುದ್ದೆಯಾಯಿತು. ಅಷ್ಟಕ್ಕೇ ಮಾವನವರಿಗೆ ಸಮಾಧಾನವಾಯಿತು.

ನೋಡಲು ಬಂದವರ ಎಳನೀರು

ರೋಗಿಯನ್ನು ನೋಡಲು ಬರುವವರು ಬರಿಗೈಲಿ ಬರುವುದಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆ ದೇಶಕ್ಕೇ ಹೆಸರಾದದ್ದು. ಹಾಗಿರುವಾಗ ನಮ್ಮ ಕಡೆ ಎಳನೀರಿಗೆ ಬರವೇ? "ತಂಪು, ಕುಡೀರಿ" ಎಂದು ಕೆತ್ತಿಯೇ ಕೊಡುತ್ತಾರೆ. ಒಂದು ಎಳನೀರಿನಲ್ಲಿ 300 ಮಿಲಿಲೀಟರ್ ನೀರಿದ್ದರೆ ಸುಮಾರು 600ರಿಂದ 750 ಮಿಲಿಗ್ರಾಂ ಪೊಟ್ಯಾಸಿಯಂ ಇರಬಹುದು. ಒಂದು ಸಾಧಾರಣ ಪಚ್ಚಬಾಳೆ ಹಣ್ಣಿನಲ್ಲಿರುವುದು ಸುಮಾರು 400 ಮಿಲಿಗ್ರಾಂ. ಬಿಸಿಲಿನಲ್ಲಿ ಟೆನಿಸ್ ಆಡುತ್ತ ಒಂದೇ ದಿನ ಎಂಟು ಬಾಟಲಿ ಎಳನೀರು ಕುಡಿದವನೊಬ್ಬ ಪೊಟ್ಯಾಸಿಯಂ ಏರಿ ಮೂರ್ಛೆ ಹೋದ ಸಂಗತಿಯನ್ನು 2014ರಲ್ಲಿ ಅಮೆರಿಕದ ವೈದ್ಯರು ತಮ್ಮ ಪತ್ರಿಕೆಯಲ್ಲಿ ಬರೆದಿದ್ದಾರೆ. ಗಟ್ಟಿಮುಟ್ಟಾದವರಿಗೇ ಹೀಗಾದರೆ ಕಿಡ್ನಿ ಸೋತವರ ಗತಿ?

ಕಬ್ಬಿನ ಹಾಲು, ಬೆಲ್ಲ, ಬಾಳೆಹಣ್ಣು, ಸೀಬೆಹಣ್ಣು, ಒಣದ್ರಾಕ್ಷಿ, ಖರ್ಜೂರವೂ ಇದೇ ಸಾಲಿಗೆ ಸೇರಿದವು. ಸೇಬು, ಅನಾನಸ್‌ನ ಒಂದೆರಡು ಹೋಳು ಪರವಾಗಿಲ್ಲ. ಕಮರಾಕ್ಷಿ ಹಣ್ಣನ್ನಂತೂ ಕಿಡ್ನಿ ರೋಗಿ ಮುಟ್ಟಲೇಬಾರದು, ಅದರಲ್ಲಿರುವ ವಿಷ ಮಿದುಳಿಗೇ ಏರುತ್ತದೆ.

"ಕಿಡ್ನಿಗೆ ಬಾಳೆದಿಂಡಿನ ರಸ ಒಳ್ಳೇದು" ಎನ್ನುವವರೂ ಇದ್ದಾರೆ. ಅವರು ಹೇಳುವುದು ಕಿಡ್ನಿಯ ಕಲ್ಲಿನ ವಿಷಯ. ಕಲ್ಲು ಬೇರೆ, ಕಿಡ್ನಿ ಸೋಲುವುದು ಬೇರೆ. ಸೋತ ಕಿಡ್ನಿಗೆ ಆ ರಸ ಹೊರೆಯೇ ಸರಿ. ಹಿರಿಯರು ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವುದು ಹೇಗೆ ಎಂಬ ಸಂಕಟ ನನಗೂ ಗೊತ್ತು. "ಡಾಕ್ಟರು ಬರೆದುಕೊಟ್ಟಿದ್ದಾರೆ, ಮಕ್ಕಳು ಕುಡೀತಾರೆ, ಕೊಡಿ" ಎಂದು ನಗುತ್ತ ಈಸಿಕೊಂಡು ಮಕ್ಕಳಿಗೆ ಕೊಟ್ಟುಬಿಡಿ. ತಂದವರಿಗೂ ಬೇಸರವಿಲ್ಲ.

ಏಕಾದಶಿ, ಶನಿವಾರ ಎಂದು ರೋಗಿಗೆ ಉಪವಾಸವೂ ಬೇಡ. ಹೊತ್ತು ಮೀರಿ ಹಸಿದಿದ್ದರೂ ಮೈಯೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಇಳಿದು ಏರಬಹುದು. ಸಾಲದ್ದಕ್ಕೆ ಫಲಾಹಾರವೆಂದು ಬಾಳೆಹಣ್ಣು ಬೇರೆ!

ಕಾಯದೆ ಓಡಬೇಕಾದ ಹೊತ್ತು

ಪೊಟ್ಯಾಸಿಯಂ ಏರಿದರೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಹೇಳಿದ ದಿನಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು. ಡಯಾಲಿಸಿಸ್ ಆಗುತ್ತಿರುವವರು ಹಬ್ಬ, ಮದುವೆ ಎಂದು ಒಂದು ಸರದಿ ಬಿಡುವುದಂತೂ ಪ್ರಾಣಕ್ಕೇ ಕುತ್ತು. ಕೈಕಾಲು ಸೋತು ಮೇಲೇಳಲು ಆಗದಿರುವುದು, ಜೋಮು ಹಿಡಿಯುವುದು, ಎದೆ ಡವಗುಟ್ಟುವುದು ಅಥವಾ ಬಡಿತ ತೀರ ನಿಧಾನವಾಗುವುದು, ತಲೆಸುತ್ತಿ ಬೀಳುವುದು, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನು ಮಾಡಿ. ರಾತ್ರಿಯಾದರೂ ಸರಿ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಉಳಿದವರಿಗೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಇವೆ.

ಅಲ್ಲಿ ಮೊದಲು ಇ.ಸಿ.ಜಿ. ತೆಗೆದು, ಹೃದಯ ಕಾಪಾಡಲು ಕ್ಯಾಲ್ಸಿಯಂ ಚುಚ್ಚುಮದ್ದು, ಪೊಟ್ಯಾಸಿಯಂ ಅನ್ನು ಜೀವಕಣಗಳೊಳಗೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಇನ್ಸುಲಿನ್ ಕೊಟ್ಟರೆಂದು ಗಾಬರಿಯಾಗಬೇಡಿ. ಅದಕ್ಕೂ ಬಗ್ಗದಿದ್ದರೆ ಡಯಾಲಿಸಿಸ್. ಹೋಗುವಾಗ ಹಿಂದಿನ ರಕ್ತಪರೀಕ್ಷೆಯ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆ, ಪುಡಿಯ ಪೊಟ್ಟಣ ಒಂದು ಚೀಲದಲ್ಲಿ ಯಾವಾಗಲೂ ಸಿದ್ಧವಿರಲಿ. ಆ ಚೀಲ ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.

ಬಸಿದ ಸೋರೆಕಾಯಿ ಪಲ್ಯ
(ಒಬ್ಬರಿಗೆ)

ಬೇಕಾದದ್ದು: ಹೆಚ್ಚಿದ ಸೋರೆಕಾಯಿ ಒಂದು ಬಟ್ಟಲು, ಎಣ್ಣೆ ಎರಡು ಚಮಚ, ಸಾಸಿವೆ, ಒಣಮೆಣಸಿನಕಾಯಿ 1, ಕರಿಬೇವು, ಚಿಟಿಕೆ ಅರಿಶಿನ, ಚಿಟಿಕೆ ಇಂಗು, ತೆಂಗಿನತುರಿ ಒಂದು ಚಮಚ, ನಿಂಬೆರಸ ನಾಲ್ಕು ಹನಿ, ಉಪ್ಪು ಚಿಟಿಕೆ.

ವಿಧಾನ: ಸೋರೆಕಾಯಿಯ ಸಿಪ್ಪೆ, ತಿರುಳು ತೆಗೆದು ಸಣ್ಣಗೆ ಹೆಚ್ಚಿ ಎರಡು ಗಂಟೆ ನೀರಿನಲ್ಲಿ ನೆನೆಸಿ. ನೀರು ಚೆಲ್ಲಿ, ನಾಲ್ಕು ಬಟ್ಟಲು ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ಚೆನ್ನಾಗಿ ಬಸಿಯಿರಿ. ಎಣ್ಣೆ ಕಾಯಿಸಿ ಸಾಸಿವೆ, ಮೆಣಸಿನಕಾಯಿ, ಕರಿಬೇವು, ಇಂಗು, ಅರಿಶಿನದ ಒಗ್ಗರಣೆ ಹಾಕಿ, ಬಸಿದ ಹೋಳು, ಉಪ್ಪು ಸೇರಿಸಿ ಐದು ನಿಮಿಷ ಬಾಡಿಸಿ. ಇಳಿಸಿದ ಮೇಲೆ ತೆಂಗಿನತುರಿ, ನಿಂಬೆರಸ ಬೆರೆಸಿ. ಉಪ್ಪು ಕಡಿಮೆಯೆಂದು ಗೊಣಗುವವರಿಗೂ ಒಗ್ಗರಣೆಯ ಘಮದಲ್ಲಿ ಒಂದು ತುತ್ತು ಹೆಚ್ಚಿಗೇ ಹೋಗುತ್ತದೆ.