ದಾಂಡೇಲಿ ಸೀಮೆಯಲ್ಲಿ ಪಿಕಪ್ ವಾಹನಗಳ ಬೆಲೆ ಮತ್ತು ಮಾರ್ಪಾಡು

ಪಿಕಪ್ ಎಂಬುದು ಮುಂಭಾಗದಲ್ಲಿ ಮುಚ್ಚಿದ ಚಾಲಕ ಕೋಣೆಯನ್ನೂ ಹಿಂಭಾಗದಲ್ಲಿ ತೆರೆದ ಸರಕು ತೊಟ್ಟಿಯನ್ನೂ ಹೊಂದಿರುವ ಹಗುರ ವಾಹನ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಭತ್ತ, ಗೋವಿನಜೋಳ, ಅಡಿಕೆ, ಗೆಡ್ಡೆ-ಗೆಣಸು, ಹಾಲು, ಮೇವು, ಕಟ್ಟಡ ಸಾಮಗ್ರಿಗಳ ಸಾಗಣೆಗೆ ಇಂಥ ವಾಹನಗಳು ಬಳಕೆಯಲ್ಲಿವೆ. ದಾಂಡೇಲಿಯ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-65. ಹೊಸ ಪಿಕಪ್ ಒಂದರ ನಿಜವಾದ ವೆಚ್ಚವು ಮಳಿಗೆಯಲ್ಲಿ ತೂಗುಹಾಕಿದ ಬೆಲೆಗಿಂತ ಹೆಚ್ಚಾಗಿ ಅದು ಯಾವ ವರ್ಗದಲ್ಲಿ ನೋಂದಣಿಯಾಗುತ್ತದೆ, ಎಷ್ಟು ಒಟ್ಟು ತೂಕಕ್ಕೆ ಅನುಮೋದನೆ ಪಡೆದಿದೆ ಮತ್ತು ಖರೀದಿಯ ನಂತರ ಅದಕ್ಕೆ ಏನೇನು ಜೋಡಿಸಲಾಗುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ಅಮೆರಿಕ, ಆಸ್ಟ್ರೇಲಿಯಾ, ಥಾಯ್ಲೆಂಡ್ ಮೊದಲಾದ ದೇಶಗಳಲ್ಲಿ ಟೊಯೋಟಾ ಹೈಲಕ್ಸ್, ಟೊಯೋಟಾ ಟಕೋಮಾ, ಫೋರ್ಡ್ ರೇಂಜರ್, ಇಸುಝು ಡಿ-ಮ್ಯಾಕ್ಸ್‌ಗಳನ್ನು ಮಧ್ಯಮ ಗಾತ್ರದ ಪಿಕಪ್‌ಗಳೆಂದು ಕರೆಯುತ್ತಾರೆ. ಅಲ್ಲಿ ಒಂದೇ ವಾಹನವು ಕುಟುಂಬದ ಕಾರೂ ಹೌದು, ಕೆಲಸದ ಗಾಡಿಯೂ ಹೌದು. ಭಾರತದಲ್ಲಿ ಈ ಎರಡು ಉಪಯೋಗಗಳು ಬೇರೆ ಬೇರೆ ವಾಹನಗಳಿಗೆ ಹಂಚಿಹೋಗಿವೆ. ಟಾಟಾ ಸಂಸ್ಥೆ 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ಪನ್ನು ಹೊರತಂದಿತು. ಅನಂತರ ಬಂದ ಟಾಟಾ 207 ಹಾಗೂ ಮಹೀಂದ್ರಾದ ಬೊಲೆರೊ ಪಿಕಪ್‌ಗಳು ಗ್ರಾಮೀಣ ಸರಕು ಸಾಗಣೆಯಲ್ಲಿ ನೆಲೆಯೂರಿದವು. ಮನೆಬಳಕೆಗೆಂದು ತಂದ ಮಹೀಂದ್ರಾ ಸ್ಕಾರ್ಪಿಯೊ ಗೆಟ್‌ಅವೇ ಮತ್ತು ಟಾಟಾ ಝೆನಾನ್ ಎಕ್ಸ್‌ಟಿಗಳಿಗೆ ಅಷ್ಟು ಬೇಡಿಕೆ ಬರಲಿಲ್ಲ. 2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ಮಾನದಂಡ ಜಾರಿಯಾದ ಬಳಿಕ ಅವು ಹೊಸ ವಾಹನಗಳ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ.

ಮಾರುಕಟ್ಟೆಯಲ್ಲಿರುವ ಮಾದರಿಗಳು

ಈ ತಾಲೂಕುಗಳ ಖರೀದಿದಾರನ ಮುಂದೆ ಎರಡು ಗುಂಪುಗಳಿವೆ. ಮೊದಲನೆಯದು ದುಡಿಯುವ ಪಿಕಪ್‌ಗಳದು. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಹೊಸ ಶ್ರೇಣಿ 2023ರ ಏಪ್ರಿಲ್‌ನಲ್ಲಿ 7.85 ಲಕ್ಷ ರೂಪಾಯಿಯ ಆರಂಭಿಕ ಎಕ್ಸ್-ಶೋರೂಮ್ ಬೆಲೆಗೆ ಬಿಡುಗಡೆಯಾಯಿತು. ಇದರಲ್ಲಿ 1.3 ಟನ್ನಿನಿಂದ 2 ಟನ್ನಿನವರೆಗೆ ಹೊರೆ ಸಾಮರ್ಥ್ಯದ ಮಾದರಿಗಳಿವೆ. ಉದ್ದನೆಯ ತೊಟ್ಟಿಯ ಮಾದರಿಗಳಲ್ಲಿ ಸರಕು ಹಾಸು 3,050 ಮಿಲಿಮೀಟರ್‌ವರೆಗೆ ಇದೆ. ಟಾಟಾ ಯೋಧಾ 2017ರ ಜನವರಿಯಲ್ಲಿ ಬಂದಿತು. ಎರಡು ಟನ್ ಹೊರುವ ಯೋಧಾ 2.0 ಮಾದರಿ 2022ರ ಸೆಪ್ಟೆಂಬರ್‌ನಲ್ಲಿ ಸೇರಿಕೊಂಡಿತು. ಇಸುಝು ಎಸ್-ಕ್ಯಾಬ್ ಮತ್ತು ಮಹೀಂದ್ರಾ ಬೊಲೆರೊ ಕ್ಯಾಂಪರ್‌ಗಳು ಎರಡು ಸಾಲು ಆಸನಗಳಿರುವ ವಾಹನಗಳಾದ್ದರಿಂದ ಆಳುಗಳನ್ನೂ ಸಾಮಾನನ್ನೂ ಒಟ್ಟಿಗೆ ಒಯ್ಯಬೇಕಾದ ಗುತ್ತಿಗೆದಾರರಿಗೆ ಒಗ್ಗುತ್ತವೆ.

ಎರಡನೆಯದು ಅಂತರರಾಷ್ಟ್ರೀಯ ಅರ್ಥದ ಮಧ್ಯಮ ಗಾತ್ರದ ಪಿಕಪ್‌ಗಳ ಗುಂಪು. ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ 2016ರಿಂದ ಮಾರಾಟದಲ್ಲಿದೆ. 2021ರ ಬಿಎಸ್-6 ಆವೃತ್ತಿಯಲ್ಲಿ 1.9 ಲೀಟರ್ ಡೀಸೆಲ್ ಎಂಜಿನ್ 163 ಪಿಎಸ್ ಶಕ್ತಿ ನೀಡುತ್ತದೆ. ಕರ್ನಾಟಕದ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನ ಬೆಲೆಯನ್ನು 2022ರ ಮಾರ್ಚ್‌ನಲ್ಲಿ 33.99 ಲಕ್ಷ ರೂಪಾಯಿಯಿಂದ ಆರಂಭವೆಂದು ಪ್ರಕಟಿಸಲಾಯಿತು. ಒಂದು ವರ್ಷದೊಳಗೆ ಆರಂಭಿಕ ಮಾದರಿಯ ಬೆಲೆಯನ್ನು 30.40 ಲಕ್ಷಕ್ಕೆ ಇಳಿಸಲಾಯಿತು. 2.8 ಲೀಟರ್ ಎಂಜಿನ್, 204 ಪಿಎಸ್ ಶಕ್ತಿ, ನಾಲ್ಕು ಚಕ್ರಗಳಿಗೂ ಚಾಲನೆ ಮತ್ತು 5,325 ಮಿಲಿಮೀಟರ್ ಉದ್ದ ಇದರ ವೈಶಿಷ್ಟ್ಯಗಳು. ಒಂದು ಹೈಲಕ್ಸ್‌ನ ಬೆಲೆಗೆ ಮೂರು ಬೊಲೆರೊ ಪಿಕಪ್‌ಗಳು ಬರುತ್ತವೆ, ಅವುಗಳಲ್ಲಿ ಒಂದೊಂದೂ ಹೈಲಕ್ಸ್‌ಗಿಂತ ಹೆಚ್ಚು ಹೊರುತ್ತದೆ. ಆದ್ದರಿಂದ ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಬೆಲೆ ರೂಪುಗೊಳ್ಳುವ ಬಗೆ

ಕಾರ್ಖಾನೆಯ ಬೆಲೆಗೆ ಸರಕು ಮತ್ತು ಸೇವಾ ತೆರಿಗೆ ಸೇರಿದಾಗ ಎಕ್ಸ್-ಶೋರೂಮ್ ಬೆಲೆ ಆಗುತ್ತದೆ. ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ತೆರಿಗೆಗೆ ಮುನ್ನ 7 ಲಕ್ಷ ರೂಪಾಯಿ ಬೆಲೆಯ ಪಿಕಪ್ ಮೊದಲು 8.96 ಲಕ್ಷವಾಗುತ್ತಿದ್ದರೆ ಈಗ 8.26 ಲಕ್ಷವಾಗುತ್ತದೆ, ಅಂದರೆ 70,000 ರೂಪಾಯಿ ವ್ಯತ್ಯಾಸ. ಅದೇ ದಿನದಿಂದ ದೊಡ್ಡ ಪ್ರಯಾಣಿಕ ವಾಹನಗಳ ಮೇಲಿನ ಪರಿಹಾರ ಉಪಕರ ರದ್ದಾಗಿ ಶೇ. 40ರ ಒಂದೇ ದರ ಬಂದಿತು. ಹೈಲಕ್ಸ್‌ನ ಬೆಲೆ ಆಗ ಗರಿಷ್ಠ ಸುಮಾರು 2.5 ಲಕ್ಷ ರೂಪಾಯಿ ಇಳಿಯಿತು.

ಎಕ್ಸ್-ಶೋರೂಮ್ ಬೆಲೆಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ ಮತ್ತು ಫಾಸ್ಟ್ಯಾಗ್ ಸೇರಿದರೆ ಆನ್-ರೋಡ್ ಬೆಲೆ. ರಸ್ತೆ ತೆರಿಗೆಯನ್ನು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರ ಅಡಿಯಲ್ಲಿ ವಸೂಲು ಮಾಡಲಾಗುತ್ತದೆ. ಖಾಸಗಿ ಕಾರಿನ ವರ್ಗಕ್ಕೆ ಸೇರಿದ ವಾಹನಕ್ಕೆ ಬೆಲೆಯನ್ನು ಆಧರಿಸಿ ಜೀವಾವಧಿ ತೆರಿಗೆ ಬೀಳುತ್ತದೆ: 5 ಲಕ್ಷದವರೆಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲೆ ಶೇ. 18. ತೆರಿಗೆಯ ಮೇಲೆ ಉಪಕರವೂ ಇದೆ. 30 ಲಕ್ಷ ಬೆಲೆಯ ಪಿಕಪ್ಪಿಗೆ ಉಪಕರ ಬಿಟ್ಟು 5.40 ಲಕ್ಷ ರೂಪಾಯಿ ತೆರಿಗೆಯಾಗುತ್ತದೆ. ಸರಕು ವಾಹನಕ್ಕೆ ತೆರಿಗೆ ನಿಗದಿಯಾಗುವುದು ಬೆಲೆಯ ಮೇಲಲ್ಲ, ಅನುಮೋದಿತ ಒಟ್ಟು ತೂಕದ ಮೇಲೆ. ಅದು ಇದಕ್ಕಿಂತ ಬಹಳ ಕಡಿಮೆ.

ವಿಮೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 1,500 ಸಿಸಿಗಿಂತ ದೊಡ್ಡ ಎಂಜಿನ್ನಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮಾ ಕಂತು ವರ್ಷಕ್ಕೆ 7,897 ರೂಪಾಯಿ. 7,500 ಕಿಲೋಗ್ರಾಂ ಒಳಗಿನ ಬಾಡಿಗೆ ಸರಕು ವಾಹನಕ್ಕೆ 16,049 ರೂಪಾಯಿ. ಕೊಳ್ಳುವಾಗ ಉಳಿದ ಹಣದ ಒಂದು ಪಾಲು ಹೀಗೆ ವರ್ಷವರ್ಷವೂ ಕೈಬಿಡುತ್ತದೆ. ಬೆಲೆ 10 ಲಕ್ಷ ದಾಟಿದರೆ ಮಾರಾಟಗಾರನು ಶೇ. 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುತ್ತಾನೆ. ಇದು ಹೆಚ್ಚುವರಿ ವೆಚ್ಚವಲ್ಲ, ಆದಾಯ ತೆರಿಗೆ ವಿವರ ಸಲ್ಲಿಸಿ ಹಿಂಪಡೆಯಬಹುದು. ವಿವರವನ್ನೇ ಸಲ್ಲಿಸದ ರೈತರು ಅದನ್ನು ಕಳೆದುಕೊಳ್ಳುತ್ತಾರೆ.

ಸಾಲ ಮತ್ತು ಸಹಾಯಧನದ ದಾರಿಗಳೂ ಇವೆ. ರಾಜ್ಯ ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆಯಡಿ ಸರಕು ವಾಹನ ಅಥವಾ ಟ್ಯಾಕ್ಸಿ ಕೊಳ್ಳುವ ಪರಿಶಿಷ್ಟ ಜಾತಿ ಮತ್ತು ಪಂಗಡದ ನಿರುದ್ಯೋಗಿ ಯುವಕರಿಗೆ ಬೆಲೆಯ ಶೇ. 75ರಷ್ಟು, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ ದೊರೆಯುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಶೇ. 50ರಷ್ಟು, ಗರಿಷ್ಠ 3 ಲಕ್ಷ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯವು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಜೋಯಿಡಾದ ಕುಣಬಿಗಳು ಈ ಪಟ್ಟಿಗೆ ಸೇರಿಸಬೇಕೆಂದು ದೀರ್ಘಕಾಲದಿಂದ ಒತ್ತಾಯಿಸುತ್ತ ಬಂದಿದ್ದಾರೆ.

ಬಿಳಿ ಫಲಕ, ಹಳದಿ ಫಲಕ

ಸ್ವಂತ ಹೊಲದ ಫಸಲನ್ನಷ್ಟೇ ಸಾಗಿಸುವುದಾದರೆ ಬಿಳಿ ಫಲಕ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. ಮೋಟಾರು ವಾಹನಗಳ ಅಧಿನಿಯಮ, 1988ರ ವ್ಯಾಖ್ಯೆಯಂತೆ ಸರಕು ಸಾಗಣೆಗೆಂದೇ ನಿರ್ಮಿಸಿದ ವಾಹನವು ಬಾಡಿಗೆಗೆ ಓಡಲಿ, ಓಡದಿರಲಿ, ಸಾರಿಗೆ ವಾಹನವೇ ಆಗುತ್ತದೆ. ಅದಕ್ಕೆ ಹಳದಿ ಫಲಕ ಬೇಕು. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಖಾಸಗಿ ವಾಹನಕ್ಕೆ ಮೊದಲ 15 ವರ್ಷ ಈ ತಾಪತ್ರಯವಿಲ್ಲ.

ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ಅಧಿನಿಯಮದ 66ನೇ ಪ್ರಕರಣದಲ್ಲಿ ರಹದಾರಿಯಿಂದ ವಿನಾಯಿತಿ ಇದೆ. ಮಾರುಕಟ್ಟೆಯಲ್ಲಿ 3,000 ಕಿಲೋಗ್ರಾಂಗೆ ತುಸು ಕೆಳಗೆ ನಿಲ್ಲುವ ಮಾದರಿಗಳು ಕಾಣಸಿಗುವುದು ಇದರಿಂದಾಗಿಯೇ. ಘಟ್ಟ ಇಳಿದು ಕಾರವಾರಕ್ಕೋ ಗಡಿ ದಾಟಿ ಗೋವಾಕ್ಕೋ ಸರಕು ಒಯ್ಯುವವರು ಹೊರೆ ಸಾಮರ್ಥ್ಯಕ್ಕಿಂತ ಮೊದಲು ನೋಡಬೇಕಾದ ಅಂಕಿ ಇದು. ಚಾಲನಾ ಪರವಾನಗಿಯ ವಿಷಯದಲ್ಲಿ ಹಗುರ ಮೋಟಾರು ವಾಹನದ ಪರವಾನಗಿ ಉಳ್ಳವರು 7,500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಕಾರ್ಖಾನೆಯ ಆಯ್ಕೆಗಳು

ಕೊಳ್ಳುವಾಗಲೇ ಆರಿಸಬೇಕಾದ, ಆಮೇಲೆ ಜೋಡಿಸಲು ಬಾರದ ಅಂಶಗಳು ಮೂರು: ತೊಟ್ಟಿಯ ಉದ್ದ, ಆಸನಗಳ ಸಾಲು ಮತ್ತು ನಾಲ್ಕು ಚಕ್ರ ಚಾಲನೆ. ಹಳಿಯಾಳ ಮತ್ತು ಮುಂಡಗೋಡಗಳ ಸಮತಟ್ಟಾದ ಎರೆ-ಕೆಂಪು ಮಣ್ಣಿನ ಪ್ರದೇಶದಲ್ಲಿ ಎರಡು ಚಕ್ರ ಚಾಲನೆಯ ಉದ್ದನೆಯ ತೊಟ್ಟಿ ಲಾಭದಾಯಕ. ಜೋಯಿಡಾದಲ್ಲಿ ಮಳೆ ಹೆಚ್ಚು. ಚದುರಿದ ಹಳ್ಳಿಗಳಿಗೆ ಕಾಡಿನೊಳಗಿನ ಕಚ್ಚಾ ದಾರಿಗಳೇ ಗತಿ. ಅಲ್ಲಿ ಉದ್ದನೆಯ ವಾಹನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಖಾಲಿ ತೊಟ್ಟಿಯ ಹಿಂಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ. ಪಿಕಪ್‌ಗೆ ಹೊರೆ ಇಲ್ಲದಾಗಲೇ ಹಿಡಿತ ಕಡಿಮೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ.

ಪವರ್ ಸ್ಟಿಯರಿಂಗ್, ಹವಾನಿಯಂತ್ರಣ, ಸಂಗೀತ ಸಾಧನ ಮುಂತಾದವು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದವನ್ನು ಕೈಯಲ್ಲಿ ಹಣ ಬಂದಾಗ ಸೇರಿಸಬಹುದು.

ಖರೀದಿಯ ನಂತರದ ಮಾರ್ಪಾಡುಗಳು

ಅತಿ ಸಾಮಾನ್ಯವಾದ ಮಾರ್ಪಾಡು ಹಿಂದಿನ ಪಾಟಾಗಳಿಗೆ ಇನ್ನೊಂದೆರಡು ಪಟ್ಟಿ ಸೇರಿಸುವುದು. ಹೊರೆ ಹಾಕಿದಾಗ ವಾಹನ ಹಿಂದಕ್ಕೆ ಕೂರುವುದು ಇದರಿಂದ ತಪ್ಪುತ್ತದೆ. ಆದರೆ ಸಾಮರ್ಥ್ಯ ಹೆಚ್ಚುವುದಿಲ್ಲ. ಅಚ್ಚು, ಬೇರಿಂಗ್, ಟೈರ್, ಬ್ರೇಕ್‌ಗಳೆಲ್ಲ ಮೊದಲಿನವೇ ಆಗಿರುತ್ತವೆ. ಕಣ್ಣಿಗೆ ಕಾಣದ ಅಪಾಯವೂ ಒಂದಿದೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನು ಹೊರೆ ಅರಿಯುವ ಕವಾಟವೊಂದು ನಿರ್ಧರಿಸುತ್ತದೆ. ಅದು ಹೊರೆಯನ್ನು ಅಳೆಯುವುದು ಚಾಸಿಗೂ ಅಚ್ಚಿಗೂ ನಡುವಿನ ಅಂತರದಿಂದ. ಪಟ್ಟಿ ಸೇರಿಸಿ ವಾಹನವನ್ನು ಎತ್ತರಿಸಿದರೆ ತುಂಬಿದ ಗಾಡಿಯನ್ನೂ ಕವಾಟವು ಖಾಲಿಯೆಂದು ತಿಳಿದು ಹಿಂದಿನ ಬ್ರೇಕನ್ನು ಸಡಿಲಗೊಳಿಸುತ್ತದೆ. ಅಣಶಿ ಘಟ್ಟದಂಥ ಇಳಿಜಾರಿನಲ್ಲಿ ಮುಂದಿನ ಬ್ರೇಕುಗಳು ಕಾದು ಸೋಲುವುದಕ್ಕೆ ಇಂಥ ಅವಸ್ಥೆ ಕಾರಣವಾಗಬಲ್ಲದು. ಪಟ್ಟಿ ಬದಲಿಸಿದವರು ಕವಾಟದ ಸರಳನ್ನೂ ಮರುಹೊಂದಿಸಬೇಕು.

ದೊಡ್ಡ ಟೈರುಗಳು ನೆಲದಿಂದ ಎತ್ತರವನ್ನು ಕೊಡುತ್ತವೆ, ಎಳೆತವನ್ನು ಕಸಿಯುತ್ತವೆ. ಟೈರಿನ ವ್ಯಾಸ ಶೇ. 6ರಷ್ಟು ಹೆಚ್ಚಿದರೆ ವೇಗಮಾಪಕ 50 ತೋರಿಸುವಾಗ ವಾಹನ 53 ಕಿಲೋಮೀಟರ್ ವೇಗದಲ್ಲಿರುತ್ತದೆ. ಏರಿನಲ್ಲಿ ಕ್ಲಚ್ ಬೇಗ ಸವೆಯುತ್ತದೆ. ಸ್ನಾರ್ಕೆಲ್ ಎಂಬ ಎತ್ತರಿಸಿದ ಗಾಳಿಕೊಳವೆಯು ಎಂಜಿನ್ನಿಗೆ ನೀರು ಹೊಗುವುದನ್ನು ತಡೆಯುತ್ತದೆಯೇ ಹೊರತು ಅಚ್ಚಿನ ಉಸಿರುಕೊಳವೆ, ವಿದ್ಯುತ್ ತಂತಿಗಳನ್ನು ಕಾಯುವುದಿಲ್ಲ. ಹರಿಯುವ ಹಳ್ಳದ ಸೆಳೆತಕ್ಕಂತೂ ಅದು ಉತ್ತರವೇ ಅಲ್ಲ. ಹೈಲಕ್ಸ್‌ಗೆ ತಯಾರಕರು ಹೇಳುವ ನೀರು ದಾಟುವ ಆಳ 700 ಮಿಲಿಮೀಟರ್. ಅದೂ ನಿಂತ ನೀರಿನ ಲೆಕ್ಕ.

ಈ ಸೀಮೆಯಲ್ಲಿ ಹಣಕ್ಕೆ ತಕ್ಕ ಪ್ರತಿಫಲ ಕೊಡುವ ಜೋಡಣೆಗಳು ಆಡಂಬರವಿಲ್ಲದವು: ತಳಭಾಗಕ್ಕೆ ತುಕ್ಕು ನಿರೋಧಕ ಲೇಪ, ತೊಟ್ಟಿಗೆ ರಬ್ಬರ್ ಹಾಸು, ಹೊರೆ ಬಿಗಿಯಲು ಗಟ್ಟಿ ಕೊಂಡಿಗಳು, ಒಳ್ಳೆಯ ತಾಡಪತ್ರಿ. ಪ್ಲಾಸ್ಟಿಕ್ ಹಾಸಿನ ಕೆಳಗೆ ಮರಳೂ ನೀರೂ ಸೇರಿ ತಗಡನ್ನು ತಿನ್ನುವುದರಿಂದ ಮಳೆಗಾಲದಲ್ಲಿ ಅದನ್ನು ಆಗಾಗ ತೆಗೆದು ಒಣಗಿಸಬೇಕಾಗುತ್ತದೆ.

ಕಾನೂನಿನ ಮಿತಿ

ಅಧಿನಿಯಮದ 52ನೇ ಪ್ರಕರಣದ ಪ್ರಕಾರ ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಲ್ಲಿ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸದ ಶಿಕ್ಷೆ ಇದೆ. ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಕೂಡಿಸುವುದರ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು. ಇಂಥ ಗಾರ್ಡ್ ಪಾದಚಾರಿಗೆ ಮಾರಕವಾಗುವುದಲ್ಲದೆ ಏರ್‌ಬ್ಯಾಗ್‌ನ ಸಂವೇದಕಗಳನ್ನೂ ದಾರಿತಪ್ಪಿಸುತ್ತದೆ. ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ.

ತೊಟ್ಟಿಯಲ್ಲಿ ಜನ

ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಕೂಲಿಯಾಳುಗಳನ್ನು, ಜಾತ್ರೆ-ಮದುವೆಗಳಿಗೆ ನೆಂಟರನ್ನು ಪಿಕಪ್‌ನ ತೊಟ್ಟಿಯಲ್ಲಿ ಕರೆದೊಯ್ಯುವುದು ರೂಢಿಯಲ್ಲಿದೆ. ಬಸ್ಸು ವಿರಳವಾದ ಊರುಗಳಲ್ಲಿ ಅನ್ಯಮಾರ್ಗ ಕಾಣದೆ ಹೀಗೆ ಮಾಡುತ್ತಾರೆ. ತೊಟ್ಟಿಗೆ ಬೆಂಚು, ಮೇಲ್ಚಾವಣಿ ಬೆಸೆಯಿಸಿದ ಮಾತ್ರಕ್ಕೆ ಅದು ಪ್ರಯಾಣಿಕ ವಾಹನವಾಗುವುದಿಲ್ಲ. ವಿಮೆಯ ರಕ್ಷಣೆ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಚಾಲಕ ಕೋಣೆಯಲ್ಲಿ ಕುಳಿತಿದ್ದರೆ ಅನ್ವಯಿಸುತ್ತದೆ. ಉಚಿತವಾಗಿ ಹತ್ತಿಸಿಕೊಂಡವರ ಸಾವುನೋವಿಗೆ ವಿಮಾ ಸಂಸ್ಥೆ ಹೊಣೆಯಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಪರಿಹಾರದ ಭಾರ ಆಗ ವಾಹನದ ಮಾಲೀಕನ ಹೊಲಮನೆಯ ಮೇಲೆ ಬೀಳುತ್ತದೆ.

2025ರ ಜನವರಿ 22ರ ನಸುಕಿನಲ್ಲಿ ನೆರೆಯ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಉರುಳಿ, ಸರಕಿನ ಜೊತೆ ಪ್ರಯಾಣಿಸುತ್ತಿದ್ದ ಹತ್ತು ಮಂದಿ ವ್ಯಾಪಾರಿಗಳು ಮೃತಪಟ್ಟರು. ಅದು ಪಿಕಪ್ಪಿಗಿಂತ ದೊಡ್ಡ ವಾಹನ. ಹೊರೆಯ ಮೇಲೆ ಜನ ಕುಳಿತಾಗ ಒದಗುವ ಅಪಾಯ ಎರಡರಲ್ಲೂ ಒಂದೇ. ಆಳುಗಳನ್ನು ನಿತ್ಯವೂ ಒಯ್ಯಬೇಕಾದವರಿಗೆ ಎರಡು ಸಾಲು ಆಸನದ ಮಾದರಿಯೇ ಕಾನೂನುಬದ್ಧ ಆಯ್ಕೆ. ಅದರಲ್ಲೂ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾದಷ್ಟೇ ಜನ ಕೂರಬೇಕು, ಹಿಂದಿನ ತೊಟ್ಟಿ ಸರಕಿಗಷ್ಟೇ ಮೀಸಲು.