ದನ ಮೇಯುವ ಗುಡ್ಡಗಳ ಸುನೋಲ್

ಕ್ಯಾಲಿಫೋರ್ನಿಯದ ಸುನೋಲ್ ಉದ್ಯಾನದಲ್ಲಿ ಯಾವ ಹಾದಿ ಹಿಡಿದರೂ ಒಂದಲ್ಲ ಒಂದು ಕಡೆ ಕಬ್ಬಿಣದ ಗೇಟು ಎದುರಾಗುತ್ತದೆ. ದಾಟಿದ ಮೇಲೆ ಗೇಟು ಮುಚ್ಚಿ ಎಂದು ಫಲಕ ಹಾಕಿರುತ್ತಾರೆ. ಕೊಂಡಿ ತೆಗೆದು ಒಳಗೆ ಹೋಗಿ, ಮತ್ತೆ ಕೊಂಡಿ ಸಿಕ್ಕಿಸಿ ತಿರುಗಿದರೆ ಅಲ್ಲಿಂದಾಚೆಗೆ ದನಗಳ ರಾಜ್ಯ. ಹಾದಿಗೆ ಅಡ್ಡಲಾಗಿ ಕರೀ ಹಸುವೊಂದು ಮಲಗಿ ಮೆಲುಕು ಹಾಕುತ್ತಿರುತ್ತದೆ. ನಡೆಯುವವರಿಗೆ ದಾರಿ ಬಿಡುವ ಆತುರ ಅದಕ್ಕಿಲ್ಲ. ಸುತ್ತು ಹಾಕಿ ಹೋಗಬೇಕಾದವರು ನಾವೇ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ ಚಾಚಿರುವ ಬೆಟ್ಟಸಾಲಿನ ಮಡಿಲಲ್ಲಿ, ಫ್ರಿಮಾಂಟ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದ ಜಾಗವಿದು. ವಿಸ್ತಾರ ಸುಮಾರು 6,800 ಎಕರೆ. ಬೆಟ್ಟದ ಈಚೆ ಬದಿಯಲ್ಲಿ ಕಂಪ್ಯೂಟರ್ ಚಿಪ್ಪಿನ ಕಂಪನಿಗಳು, ಟೆಸ್ಲಾ ಕಾರ್ಖಾನೆ, ಬಿಡುವಿಲ್ಲದ ಹೆದ್ದಾರಿ. ಆಚೆ ಬದಿಗೆ ಇಳಿದರೆ ಓಕ್ ಮರಗಳು, ಅಲಮೀಡ ಹೊಳೆ, ಮುಳ್ಳುತಂತಿಯ ಬೇಲಿ, ದನ. ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆಯಾದ ಎರಡು ಲೋಕಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಭಾಗದಲ್ಲಿ ಕನ್ನಡಿಗರಿಗೆ ಕೊರತೆಯಿಲ್ಲ. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ ಶುರುವಾದದ್ದೇ 1973ರಲ್ಲಿ. ಆದರೆ ಚಾರಣ ಎಂದೊಡನೆ ನಮ್ಮವರ ಕಾರು ತಿರುಗುವುದು ಫ್ರಿಮಾಂಟ್‌ನ ಮಿಷನ್ ಪೀಕ್ ಕಡೆಗೆ. 2,517 ಅಡಿಯ ಆ ಶಿಖರದಲ್ಲಿ 1990ರಲ್ಲಿ ನೆಟ್ಟ ಒಂದು ಕಂಬವಿದೆ. ಅದನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳಲು ವಾರಾಂತ್ಯದಲ್ಲಿ ಸಾಲು ನಿಲ್ಲಬೇಕು. ಕೆಳಗೆ ಕಾರು ನಿಲ್ಲಿಸಲು ಜಾಗವಿಲ್ಲದೆ, ಸುತ್ತಲಿನ ಮನೆಗಳವರಿಗೂ ಚಾರಣಿಗರಿಗೂ ವರ್ಷಗಟ್ಟಲೆ ಜಟಾಪಟಿ ನಡೆದಿದೆ. ಅಲ್ಲೂ ದನಗಳಿವೆ, ನಿಜ. ಆದರೆ ಶಿಖರ ಮುಟ್ಟುವ ಧಾವಂತದಲ್ಲಿ ಅವುಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ಫೋಟೊ ಬೇಕಾದವರು ಮಿಷನ್ ಪೀಕ್ ಹತ್ತಲಿ. ಒಂದಿಡೀ ಹಗಲು ನಡೆಯಬೇಕು ಎನ್ನುವವರಿಗೆ ಸುನೋಲ್ ವಾಸಿ.

ಎರಡೂ ಜಾಗಗಳು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆಗೆ ಸೇರಿದವು. 1934ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಇಲ್ಲಿನ ಜನ ಉದ್ಯಾನಕ್ಕೆಂದು ತಾವೇ ಮತ ಹಾಕಿ ತೆರಿಗೆ ಹೊತ್ತುಕೊಂಡರು. ಇಂದು ಅಲಮೀಡ, ಕಾಂಟ್ರಾ ಕೋಸ್ಟ ಎಂಬ ಎರಡು ಕೌಂಟಿಗಳಲ್ಲಿ ಆ ಸಂಸ್ಥೆಯ ಕೈಯಲ್ಲಿ ಒಂದೂಕಾಲು ಲಕ್ಷ ಎಕರೆ ನೆಲವಿದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ದನ ಮೇಯುತ್ತವೆ.

ಉದ್ಯಾನದಲ್ಲಿ ದನ ಯಾಕೆ ಎಂದು ಹೊಸಬರು ಕೇಳುತ್ತಾರೆ. ವಾಸ್ತವದಲ್ಲಿ ಉದ್ಯಾನಕ್ಕಿಂತ ದನ ಹಳೆಯದು. 1797ರಲ್ಲಿ ಸ್ಪೇನಿನ ಪಾದ್ರಿಗಳು ಈಗಿನ ಫ್ರಿಮಾಂಟ್‌ನಲ್ಲಿ ಮಿಷನ್ ಸ್ಯಾನ್ ಹೋಸೆ ಕಟ್ಟಿದರು. ಅವರ ದನದ ಹಿಂಡು ಈ ಗುಡ್ಡಗಳಿಗೆ ಹಬ್ಬಿತು. ಅದಕ್ಕೆ ಮೊದಲು ಇಲ್ಲಿ ಮೇಯುತ್ತಿದ್ದದ್ದು ಎಲ್ಕ್ ಎಂಬ ದೊಡ್ಡ ಕಡವೆಗಳು. ಹುಲ್ಲುಗಾವಲಿಗೆ ಕಾಲಕಾಲಕ್ಕೆ ಬೆಂಕಿ ಕೊಟ್ಟು ಹೊಸ ಚಿಗುರು ಬರಿಸುತ್ತಿದ್ದವರು ಒಲೋನಿ ಜನ. ಮಿಷನ್ ಅವರ ನೆಲವನ್ನೂ ಬದುಕನ್ನೂ ಕಿತ್ತುಕೊಂಡಿತು. ಬಿಳಿಯರು ತಂದ ರೋಗಗಳಿಗೆ ಸತ್ತವರಿಗೆ ಲೆಕ್ಕವಿಲ್ಲ. ಒಲೋನಿಗಳ ವಂಶಸ್ಥರು ಈಗಲೂ ಕೊಲ್ಲಿಯ ಸುತ್ತ ಬಾಳುತ್ತಿದ್ದಾರೆ. 1830ರ ದಶಕದಲ್ಲಿ ಮೆಕ್ಸಿಕೊ ಸರ್ಕಾರ ಮಿಷನ್ನುಗಳ ಜಮೀನನ್ನು ಬಿಡಿಸಿ ದೊಡ್ಡ ದೊಡ್ಡ ರಾಂಚುಗಳಾಗಿ ಹಂಚಿತು. ಹಾಗೆ ಇಲ್ಲಿ ನೆಲದ ಒಡೆಯನಾದ ಅಂತೋನಿಯೊ ಸುನ್ಯೋಲ್ ಎಂಬ ವ್ಯಾಪಾರಿಯ ಹೆಸರೇ ಊರಿಗೂ ಉಳಿಯಿತು.

ಆಗಿನ ದನ ಮುಖ್ಯವಾಗಿ ಚರ್ಮಕ್ಕೂ ಕೊಬ್ಬಿಗೂ. ಚರ್ಮ ಹಡಗೇರಿ ಬಾಸ್ಟನ್ನಿನ ಚಪ್ಪಲಿ ಕಾರ್ಖಾನೆಗಳಿಗೆ ಹೋಗುತ್ತಿತ್ತು, ಕೊಬ್ಬು ಮೇಣದಬತ್ತಿಗೂ ಸಾಬೂನಿಗೂ. ನಗದು ಕಾಣದ ಆ ನಾಡಿನಲ್ಲಿ ಒಣಗಿಸಿದ ಚರ್ಮವೇ ನೋಟಿನಂತೆ ಚಲಾವಣೆಯಾಗುತ್ತಿತ್ತು. 1849ರಲ್ಲಿ ಚಿನ್ನದ ಆಸೆಗೆ ಜನ ನುಗ್ಗಿದ ಮೇಲೆ ಮಾಂಸಕ್ಕೆ ಬೆಲೆ ಬಂತು. 1861–62ರ ಭಾರಿ ನೆರೆ, ಅದರ ಬೆನ್ನಿಗೇ ಬಂದ ಬರಗಾಲ ಹಳೆಯ ಹಿಂಡುಗಳನ್ನು ಮುಗಿಸಿದವು. ದನದ ಜೊತೆ ಬಂದಿದ್ದ ಮೆಡಿಟರೇನಿಯನ್ ಸೀಮೆಯ ಕಾಡು ಓಟ್ಸ್ ಮುಂತಾದ ಹುಲ್ಲುಗಳು ಮಾತ್ರ ಹೋಗಲಿಲ್ಲ. ಕ್ಯಾಲಿಫೋರ್ನಿಯದ ಚಿನ್ನದ ಬಣ್ಣದ ಗುಡ್ಡಗಳೆಂದು ಕ್ಯಾಲೆಂಡರುಗಳಲ್ಲಿ ಅಚ್ಚಾಗುವ ಆ ಚೆಲುವು ಬಹುಪಾಲು ಈ ವಲಸೆ ಹುಲ್ಲು ಒಣಗಿದ ಬಣ್ಣ.

ಈ ಹುಲ್ಲೇ ಇಂದು ದನವನ್ನು ಉದ್ಯಾನದಲ್ಲಿ ಉಳಿಸಿಕೊಂಡಿರುವ ಕಾರಣವೂ ಹೌದು. ಮಳೆ ಬಿದ್ದೊಡನೆ ಎದ್ದು, ಬೇಸಿಗೆಗೆ ಒಣಗಿ, ಹಾಗೇ ಬಿಟ್ಟರೆ ವರ್ಷದಿಂದ ವರ್ಷಕ್ಕೆ ದಪ್ಪ ಹಾಸಾಗಿ ಕೂರುವ ಹುಲ್ಲದು. ಆ ಹಾಸಿನಡಿ ಸ್ಥಳೀಯ ಹೂಗಿಡಗಳು ತಲೆ ಎತ್ತುವುದಿಲ್ಲ. ಕಿಡಿ ಬಿದ್ದರೆ ಅದೇ ಉರುವಲು. 2020ರ ಆಗಸ್ಟ್‌ನಲ್ಲಿ ಒಣ ಮಿಂಚು ಹೊತ್ತಿಸಿದ ಬೆಂಕಿ ಇಲ್ಲಿಗೆ ಹೊಂದಿಕೊಂಡ ಒಲೋನಿ ಬೆಟ್ಟಗಳ ಭಾಗವೂ ಸೇರಿ ಸುಮಾರು 3.96 ಲಕ್ಷ ಎಕರೆ ಸುಟ್ಟಿತು. ದನ ಮೇಯ್ದ ಜಾಗಕ್ಕೆ ಬೆಂಕಿ ಬೀಳುವುದೇ ಇಲ್ಲ ಎಂದಲ್ಲ, ಬಿದ್ದರೂ ಜ್ವಾಲೆ ಗಿಡ್ಡವಾಗಿರುತ್ತದೆ, ಆರಿಸುವವರಿಗೆ ಹತ್ತಿರ ಹೋಗಲಾಗುತ್ತದೆ.

ಹಾಗಾಗಿ ಉದ್ಯಾನದವರು ಸುತ್ತಲಿನ ದನ ಸಾಕುವವರಿಗೆ ಮೇಯಿಸುವ ಪರವಾನಗಿ ಕೊಡುತ್ತಾರೆ. ಅವರು ಶುಲ್ಕ ಕಟ್ಟಬೇಕು, ಬೇಲಿ ನೀರು ನೋಡಿಕೊಳ್ಳಬೇಕು. ಎಷ್ಟು ದನ, ಎಷ್ಟು ತಿಂಗಳು ಎಂಬುದು ಆ ವರ್ಷದ ಮಳೆಯ ಮೇಲೆ ನಿಂತಿದೆ. ಮಳೆಗಾಲಕ್ಕೆ ಮೊದಲು ನೆಲದ ಮೇಲೆ ಎಕರೆಗೆ ಎಷ್ಟು ಒಣಹುಲ್ಲು ಉಳಿದಿದೆ ಎಂದು ಅಳೆಯುತ್ತಾರೆ. ತೀರಾ ಬೋಳಾಗಿದ್ದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಹೆಚ್ಚು ಉಳಿದಿದ್ದರೆ ಮೇಯಿಸಿದ್ದು ಸಾಲದು ಎಂದರ್ಥ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ದನದ ಹೊಂಡಗಳ ಕಥೆ. ದನಕ್ಕೆ ನೀರು ಕುಡಿಸಲು ಹಿಂದಿನವರು ತಗ್ಗಿನಲ್ಲಿ ಏರಿ ಹಾಕಿ ಕಟ್ಟಿದ ಚಿಕ್ಕ ಕಟ್ಟೆಗಳವು. ನೋಡಲು ಕೆಸರುಗುಂಡಿ. ನೈಸರ್ಗಿಕ ಜೌಗುಗಳು ಊರುಗಳಡಿ ಹೂತುಹೋದ ಮೇಲೆ, ಕಾನೂನಿನ ರಕ್ಷಣೆ ಪಡೆದಿರುವ ಕೆಂಪುಕಾಲಿನ ಕಪ್ಪೆ ಮತ್ತು ಟೈಗರ್ ಸಾಲಮ್ಯಾಂಡರ್ ಮೊಟ್ಟೆಯಿಡಲು ಈ ಗುಂಡಿಗಳನ್ನೇ ನೆಚ್ಚಿಕೊಂಡಿವೆ. ಆ ಸಾಲಮ್ಯಾಂಡರ್ ಬೇಸಿಗೆ ಕಳೆಯುವುದು ನೆಲದ ಅಳಿಲು ತೋಡಿದ ಬಿಲದಲ್ಲಿ. ಅಳಿಲಿಗೆ ಗಿಡ್ಡ ಹುಲ್ಲಿನ ಬಯಲು ಬೇಕು, ಹುಲ್ಲನ್ನು ಗಿಡ್ಡವಾಗಿಡುವುದು ದನ. ಅಳಿಲಿನ ಮೇಲೆ ಆಕಾಶದಿಂದ ಕಣ್ಣಿಟ್ಟಿರುವುದು ಚಿನ್ನದ ಹದ್ದು. ಆಕ್ಷೇಪ ಎತ್ತುವವರೂ ಇದ್ದಾರೆ: ದನ ಹೊಳೆದಂಡೆ ತುಳಿಯುತ್ತವೆ, ಸಗಣಿ ನೀರಿಗೆ ಸೇರುತ್ತದೆ ಎಂದು. ಅದು ಸುಳ್ಳಲ್ಲ. ಸೂಕ್ಷ್ಮವಾದ ಹೊಳೆಬದಿಗೆ ಬೇಲಿ ಹಾಕಿರುವುದು ಅದಕ್ಕೇ. ಒಟ್ಟು ಲೆಕ್ಕ ಹಾಕಿದರೆ, ದನವನ್ನು ಹೊರಗಟ್ಟುವುದರಿಂದ ಈ ಗುಡ್ಡಗಳಿಗೆ ನಷ್ಟವೇ ಹೆಚ್ಚು ಎಂದು ನನಗನ್ನಿಸುತ್ತದೆ.

ಮಕ್ಕಳ ಮನೆಗೆಂದು ಕರ್ನಾಟಕದಿಂದ ಬಂದ ಅಪ್ಪ ಅಮ್ಮಂದಿರನ್ನು ಇಲ್ಲಿಗೆ ಕರೆತಂದರೆ ಅವರ ಪ್ರಶ್ನೆಗಳೇ ಬೇರೆ. “ಕಾಯೋರು ಎಲ್ಲಪ್ಪಾ? ಸಂಜೆ ಹೊಡ್ಕೊಂಡು ಹೋಗೋದು ಯಾರು? ಹಾಲು ಕರೆಯೋದು ಎಷ್ಟೊತ್ತಿಗೆ?” ಕಾಯುವವರಿಲ್ಲ, ಬೇಲಿಯೇ ಕಾವಲು. ರಾತ್ರಿಯೂ ದನ ಗುಡ್ಡದ ಮೇಲೇ. ಮಾಲೀಕ ಆಗೀಗ ಟ್ರಕ್ಕಿನಲ್ಲಿ ಬಂದು ನೋಡಿ ಹೋಗುತ್ತಾನೆ. ಹಾಲನ್ನು ಯಾರೂ ಕರೆಯುವುದಿಲ್ಲ, ಅದು ಪೂರ್ತಿ ಕರುವಿಗೆ. ಹೆಚ್ಚಿನವು ಆಂಗಸ್ ತಳಿಯ ಕಪ್ಪು ದನ, ಮಾಂಸಕ್ಕಾಗಿ ಸಾಕಿದವು. ಏಳೆಂಟು ತಿಂಗಳಾದಾಗ ಕರುವನ್ನು ತಾಯಿಂದ ಬಿಡಿಸಿ ಮಾರುತ್ತಾರೆ. ಇದನ್ನು ಕೇಳಿ ಸುಮ್ಮನಾಗುವ ಹಿರಿಯರೂ ಉಂಟು. ಬೇಡದಿದ್ದರೆ ಹೇಳದೇ ಇರಬಹುದು, ಸುಳ್ಳು ಹೇಳುವುದು ಬೇಡ. ಅವರ ಮುಂದಿನ ಮಾತು ಊರಿನ ಗೋಮಾಳದ ಕಡೆ ಹೊರಳುತ್ತದೆ. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕೆಂದು ನಮ್ಮ ಕಂದಾಯ ನಿಯಮದಲ್ಲಿದೆ. ಹುಡುಕಿಕೊಂಡು ಹೋದರೆ ಎಷ್ಟೋ ಕಡೆ ಬಡಾವಣೆ ಸಿಗುತ್ತದೆ.

ದನದ ನಡುವೆ ನಡೆಯಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುವುದೇ. ತಾಯಿಗೂ ಕರುವಿಗೂ ನಡುವೆ ನುಗ್ಗಬಾರದು. ಹಿಂದಿನಿಂದ ಸದ್ದಿಲ್ಲದೆ ಹೋಗಿ ಬೆಚ್ಚಿಸಬಾರದು; ಸಣ್ಣದಾಗಿ ಮಾತಾಡುತ್ತಾ ಬಂದರೆ ಅವು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗುತ್ತವೆ. ಇಲ್ಲಿನವು ನಮ್ಮ ಮನೆ ಹಸುಗಳಂತೆ ಮೈಸವರಿಸಿಕೊಂಡು ಬೆಳೆದವಲ್ಲ, ಹಣೆ ಮುಟ್ಟಿ ನಮಸ್ಕರಿಸಲು ಹೋಗಬೇಡಿ. ಬಾಳೆಹಣ್ಣು ಕೊಡುವುದೂ ಬೇಡ. ನಾಯಿ ಜೊತೆಗಿದ್ದರೆ ಹಗ್ಗ ಕೈಯಲ್ಲೇ ಇರಲಿ. ಹಸು ನಾಯಿಯನ್ನು ಅಟ್ಟಿಸಿಕೊಂಡು ಬಂದರೆ, ನಾಯಿ ಓಡಿಬರುವುದು ಒಡೆಯನ ಹತ್ತಿರಕ್ಕೇ.

ಇನ್ನು ಹಾದಿಗಳು. ಗಿಯರಿ ರಸ್ತೆಯ ಕೊನೆಯಲ್ಲಿ, ಹಳೆಯ ಹಸಿರು ಕೊಟ್ಟಿಗೆಯೊಂದರಲ್ಲಿ ಮಾಹಿತಿ ಕೇಂದ್ರವಿದೆ. ಅಲ್ಲಿಂದ ಹೊಳೆಬದಿಯ ಅಗಲ ಮಣ್ಣುರಸ್ತೆಯಲ್ಲಿ ನಡೆದರೆ ಲಿಟ್ಲ್ ಯೊಸೆಮಿಟಿ. ಹೋಗಿಬರಲು ಸುಮಾರು ಐದು ಕಿಲೊಮೀಟರ್. ಹೆಸರು ನೋಡಿ ನಿಜವಾದ ಯೊಸೆಮಿಟಿಯ ಕನಸು ಕಾಣಬೇಡಿ. ಇದು ಬಂಡೆಗಳ ನಡುವೆ ಹೊಳೆ ಧುಮುಕುವ ಒಂದು ಕಿರುಕಣಿವೆ, ಮಳೆಗಾಲ ಮುಗಿದ ಮೇಲೆ ಬರೀ ಬಂಡೆ. ನೀರಿಗಿಳಿಯಲು ಬಿಡುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ಸರಿ. ಹೋಗುವಾಗ ಮೇಲಿನ ಕ್ಯಾನ್ಯನ್ ವ್ಯೂ ಹಾದಿ ಹಿಡಿದು, ಬರುವಾಗ ಮಣ್ಣುರಸ್ತೆಯಲ್ಲಿ ಮರಳಿದರೆ ಇನ್ನೂ ಚೆನ್ನ. ದನಗಳ ಜೊತೆಗಿನ ಭೇಟಿ ಹೆಚ್ಚಾಗಿ ನಡೆಯುವುದು ಆ ಮೇಲಿನ ಹಾದಿಯಲ್ಲೇ.

ಕಾಲಲ್ಲಿ ಕಸುವಿದ್ದವರು ಹೊಳೆ ದಾಟಿ ಫ್ಲ್ಯಾಗ್ ಹಿಲ್ ಹತ್ತಬಹುದು. ಎತ್ತರ 1,360 ಅಡಿಯಷ್ಟೇ, ಆದರೆ ಏರು ಎಲ್ಲೂ ದಣಿವಾರಿಸಿಕೊಳ್ಳಲು ಬಿಡುವುದಿಲ್ಲ. ತುದಿಯ ಮರಳುಗಲ್ಲಿನ ಬಂಡೆಯಲ್ಲಿ ಕಡಲಚಿಪ್ಪಿನ ಪಳೆಯುಳಿಕೆಗಳಿವೆ. ಈ ಗುಡ್ಡ ಒಂದು ಕಾಲಕ್ಕೆ ಸಮುದ್ರದಡಿ ಇತ್ತು. ಇನ್ನೂ ಮೇಲಿನ ಹಾದಿಗಳಿಂದ ಕಾಣುವ ನೀಲಿ ನೀರು ಕಲವೇರಸ್ ಜಲಾಶಯದ್ದು, ಸ್ಯಾನ್ ಫ್ರಾನ್ಸಿಸ್ಕೊ ನಗರದ ಕುಡಿಯುವ ನೀರು. ಭೂಕಂಪಕ್ಕೆ ತಾಳದೆಂದು ಅದರ ಹಳೆಯ ಅಣೆಕಟ್ಟಿನ ಬದಲಿಗೆ ಕಟ್ಟಿದ ಹೊಸದು 2019ರಲ್ಲಿ ಮುಗಿಯಿತು. ಒಂದು ದಿನದ ನಡಿಗೆ ಸಾಲದವರಿಗೆ ಮಿಷನ್ ಪೀಕ್‌ನಿಂದ ಸುನೋಲ್ ಮೂಲಕ ಡೆಲ್ ವಾಯೆ ಜಲಾಶಯದವರೆಗೆ 28 ಮೈಲಿಯ ಒಲೋನಿ ಹಾದಿಯಿದೆ. ಅದಕ್ಕೆ ಮುಂಚಿತ ಅನುಮತಿ ಬೇಕು.

ಋತುಗಳ ಲೆಕ್ಕ ನಮ್ಮದಕ್ಕೆ ಪೂರಾ ತಿರುಗುಮುರುಗು. ಮಳೆ ಬೀಳುವುದು ಚಳಿಗಾಲದಲ್ಲಿ, ನವೆಂಬರಿನಿಂದ ಸುಮಾರು ಏಪ್ರಿಲ್‌ವರೆಗೆ. ಜನವರಿಗೆ ಗುಡ್ಡಗಳು ಹಸಿರು; ಮಾರ್ಚ್, ಏಪ್ರಿಲ್‌ನಲ್ಲಿ ಕಿತ್ತಳೆ ಬಣ್ಣದ ಪಾಪಿ, ನೀಲಿ ಲೂಪಿನ್ ಅರಳುತ್ತವೆ. ಮೇ ಕಳೆಯುವಷ್ಟರಲ್ಲಿ ಎಲ್ಲ ಒಣಗಿ ಹೊಂಬಣ್ಣ. ಮಳೆ ಬಿದ್ದ ಮಾರನೆಯ ದಿನ ಹೋಗಬೇಡಿ. ಬಯಲುಸೀಮೆಯ ಎರೆಮಣ್ಣಿನ ಹಾಗೆ ಇಲ್ಲಿನ ಜೇಡಿ ಬೂಟಿಗೆ ಅಂಟಿ ಹೆಜ್ಜೆ ಹೆಜ್ಜೆಗೂ ತೂಕ ಏರಿಸುತ್ತದೆ. ಅದೇ ಕೆಸರಿನಲ್ಲಿ ದನ ಊರಿದ ಗೊರಸಿನ ಗುಂಡಿಗಳು ಬೇಸಿಗೆಯಲ್ಲಿ ಕಲ್ಲಾಗಿ ಗಟ್ಟಿಯಾಗುತ್ತವೆ, ಆಚೀಚೆ ನೋಡುತ್ತಾ ನಡೆದರೆ ಪಾದ ಉಳುಕುವುದು ಖಂಡಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಜೋರು, ಗುಡ್ಡದ ಮೇಲೆ ನೆರಳಿಲ್ಲ. ಆಗ ಬೆಳಗ್ಗೆ ಬೇಗ ಹೋಗಿ ಬೇಗ ಇಳಿಯಿರಿ. ಗಿಲಕಿ ಹಾವು ಹಾದಿಯ ಮೇಲೆ ಬಿಸಿಲು ಕಾಯಿಸುವುದುಂಟು. ಮೂರೆಲೆಯ ಪಾಯ್ಸನ್ ಓಕ್ ಗಿಡ ಮೈಗೆ ಸೋಕಿದರೆ ವಾರಗಟ್ಟಲೆ ತುರಿಕೆ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಕಾಲಿಗೆ ಉಣ್ಣೆ ಹತ್ತಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹೊತ್ತು ಮಿಕ್ಕಿದರೆ ಸುನೋಲ್ ಊರನ್ನೂ ಒಮ್ಮೆ ನೋಡಿ. ರೈಲುನಿಲ್ದಾಣ, ಅಂಚೆ ಕಚೇರಿ, ಒಂದೆರಡು ಬೀದಿ. ಈ ಊರಿನವರು 1981ರಲ್ಲಿ ಬಾಸ್ಕೊ ಎಂಬ ನಾಯಿಯನ್ನು ಗೌರವ ಮೇಯರ್ ಆಗಿ ಚುನಾಯಿಸಿದರು. ಎದುರಾಳಿಗಳು ಇಬ್ಬರು ಮನುಷ್ಯರು. 1994ರಲ್ಲಿ ಸಾಯುವವರೆಗೂ ಬಾಸ್ಕೊ ಅಧಿಕಾರದಲ್ಲಿತ್ತು. ಅದರ ಕಂಚಿನ ಪ್ರತಿಮೆ ಅಂಚೆ ಕಚೇರಿಯ ಮುಂದೆ ಇದೆ.

ವಾರಾಂತ್ಯ ಮತ್ತು ರಜೆಯ ದಿನಗಳಲ್ಲಿ ಉದ್ಯಾನದೊಳಗೆ ಕಾರು ನಿಲ್ಲಿಸಲು 5 ಡಾಲರ್ ಶುಲ್ಕವಿದೆ. ಹಾದಿಯಲ್ಲಿ ಅಂಗಡಿಯಿಲ್ಲ, ತಲೆಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು, ಬುತ್ತಿ, ಟೋಪಿ ನಿಮ್ಮದೇ ಇರಲಿ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಉದ್ಯಾನದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.